ಪೀಠಿಕೆ ಮೇಷ್ಟ್ರು ಬೀದಿಗೆ ಅಂಕಿ ಬರೆದದ್ದು

ನಮ್ಮ ಎದುರು ಮನೆಯ ಮೇಷ್ಟ್ರಿಗೆ ‘ಪೀಠಿಕೆ ಮೇಷ್ಟ್ರು’ ಎಂಬ ಹೆಸರು ಅನ್ಯಾಯವಾಗಿ ಬಂದದ್ದಲ್ಲ. ಒಂದು ಲೋಟ ಸಕ್ಕರೆ ಕೇಳಲು ಬಂದರೂ ಅವರು ಮನುಷ್ಯನಿಗೆ ಸಿಹಿ ಯಾಕೆ ಬೇಕಾಯಿತು ಎಂಬಲ್ಲಿಂದ ಶುರುಮಾಡುತ್ತಾರೆ. ಅಲ್ಲಿಂದ ಜೇನುಹುಳ, ಜೇನುಹುಳದಿಂದ ಕಬ್ಬು. ಕಬ್ಬಿನಿಂದ ಲೋಟಕ್ಕೆ ಬರುವುದರೊಳಗೆ ಅವರ ಹೆಂಡತಿಯೇ ಬಾಗಿಲಿಗೆ ಬಂದು, “ಸಕ್ಕರೆ ಕೇಳಿದ್ರಾ, ಇಲ್ಲಾ ಇನ್ನೂ ಜೇನುಹುಳದ ಹತ್ರಾನೇ ಇದೀರಾ?” ಎಂದು ಲೋಟ ಕಸಿದುಕೊಂಡು ತಾವೇ ಕೇಳಿ ತೆಗೆದುಕೊಂಡು ಹೋಗುತ್ತಾರೆ.

ಮನುಷ್ಯ ಮಾತ್ರ ಅಪ್ಪಟ ಬಂಗಾರ. ನನ್ನ ಗೇಟಿನ ಚಿಲಕ ಕಿತ್ತುಹೋದಾಗ ಯಾರೂ ಹೇಳದೆ ತಂತಿ ಸುತ್ತಿ ಸರಿಮಾಡಿದವರು ಅವರೇ. ಆ ದಿನ ಪೀಠಿಕೆ ಇರಲಿಲ್ಲ. ಬಾಯಲ್ಲಿ ತಂತಿ ಕಚ್ಚಿಕೊಂಡಿದ್ದರು.

ಮೇಷ್ಟ್ರು ಬಹಳ ವರ್ಷ ಏಳನೇ ತರಗತಿಗೆ ಗಣಿತ ಹೇಳಿದವರು. ಹೇಳಿದರು ಎನ್ನುವುದಕ್ಕಿಂತ ಹೇಳಲು ಹೊರಟರು ಎನ್ನುವುದು ಸರಿ. ಮಕ್ಕಳು ಪೀಠಿಕೆಯಲ್ಲಿ ನಿದ್ದೆ ಹೋಗಿ ಗಂಟೆ ಹೊಡೆದಾಗ ಏಳುತ್ತಿದ್ದರಂತೆ. ಈ ವರ್ಷ ಹೊಸದಾಗಿ ಬಂದ ಹೆಡ್ ಮೇಡಂ ಅವರನ್ನು ಒಂದನೇ ತರಗತಿಗೆ ಇಳಿಸಿದರು.

“ಮೇಷ್ಟ್ರೇ, ದೊಡ್ಡ ಮಕ್ಕಳಾದ್ರೆ ನಿದ್ದೆ ಮಾಡ್ತಾರೆ. ಇವರು ಅಳ್ತಾರೆ. ಈ ಸಲ ಶಾಲೆ ಶುರುವಾಗೋ ದಿನ ಎಲ್ಲ ಟೀಚರ್‌ಗಳೂ ಒಂದೊಂದು ಹೊಸ ಉಪಾಯ ತರ್ಬೇಕು. ಬರೋ ಸೋಮವಾರ, ಶುರುವಿನ ದಿನಾನೇ, ನಿಮ್ಮ ಕ್ಲಾಸಿಗೆ ನಾನೇ ಬಂದು ನೋಡ್ತೀನಿ. ಆಗಲಿಲ್ಲ ಅಂದ್ರೆ ನೀವು ಲೈಬ್ರರಿಗೆ.”

ಆ ಶಾಲೆಯ ಲೈಬ್ರರಿ ಎಂದರೆ ಮೂರು ಕಪಾಟು, ಒಂದು ಕುರ್ಚಿ. ಕಪಾಟಿನ ಬೀಗದ ಕೈ ಕಳೆದು ಯಾವುದೋ ಕಾಲವಾಗಿತ್ತು. ಅಲ್ಲಿ ಕೂತವರು ಪೀಠಿಕೆ ಹಾಕಲು ಗೋಡೆಯೊಂದೇ ಗತಿ.

ಮೇಷ್ಟ್ರು ಗಾಬರಿಯಾದರು. ಒಬ್ಬ ಟೀಚರು ಹಳೆಯ ಕಾಲುಚೀಲಕ್ಕೆ ಗುಂಡಿ ಹೊಲಿದು ಮಾತಾಡುವ ಗೊಂಬೆ ಮಾಡಿದ್ದರು. ಇನ್ನೊಬ್ಬರು ಬಾಟಲಿ ಮುಚ್ಚಳಗಳ ಮೇಲೆ ಅಕ್ಷರ ಬರೆದು ಡಬ್ಬಿ ತುಂಬಿಸಿದ್ದರು. ಸರಿ, ಮೇಷ್ಟ್ರ ಮನೆಯಲ್ಲಿ ಇದ್ದದ್ದೆಲ್ಲ ಕಲಿಕಾ ಸಾಮಗ್ರಿಯಾಯಿತು. ಪರದೆಯ ಬಳೆಗಳು ಸೊನ್ನೆಗಳಾದವು, ದಿಂಬುಗಳು ಹತ್ತರ ಕಟ್ಟುಗಳಾದವು.

“ಚಮಚ ಎಲ್ಲಿ?” ಎಂದು ಹೆಂಡತಿ ಕೂಗುವುದು ನನ್ನ ಅಡುಗೆಮನೆಗೆ ಕೇಳಿಸಿತು.

“ಅದೀಗ ಚಮಚ ಅಲ್ಲ ಕಣೇ, ಸಂಖ್ಯೆ.”

“ಹಾಗಾದ್ರೆ ಒಂದು ಸಂಖ್ಯೆ ತಂದ್ಕೊಡಿ, ಟೀಗೆ ಸಕ್ಕರೆ ಕಲಕಬೇಕು! ಇನ್ಮೇಲೆ ನಿಮ್ಮ ಸಾಮಗ್ರಿ ಏನಿದ್ರೂ ಮನೆಯಿಂದ ಆಚೆ!”

ಮನೆಯಿಂದ ಆಚೆ. ಮೇಷ್ಟ್ರಿಗೆ ಹೊಳೆದದ್ದೇ ಆಗ. ಆಚೆ ಬೀದಿ ಇದೆಯಲ್ಲ! ಶಾಲೆಯ ಬೆನ್ನಿಗೇ ನಮ್ಮ ಬೀದಿ. ಹತ್ತು ಮನೆ, ಹತ್ತು ಕಾಂಪೌಂಡು. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಗೋಡೆಗೆ ಒಂದೊಂದು ಅಂಕಿ ಬರೆದು, ಮಕ್ಕಳ ಕೈಗೆ ಅಂಕಿಯ ಚೀಟಿ ಕೊಟ್ಟು, ‘ಹೋಗಿ ಹುಡುಕಿ’ ಎಂದರೆ ಸಾಕು. ಅಳುವುದಕ್ಕೆ ಪುರುಸೊತ್ತೆಲ್ಲಿ? ನಿಜಕ್ಕೂ ಒಳ್ಳೆಯ ಉಪಾಯ. ನಾನೂ ಹಿಂದೆ ಕಾಲೇಜು ಓದಿದವಳು, ನನ್ನ ಮೇಷ್ಟ್ರುಗಳಲ್ಲಿ ಒಬ್ಬರಿಗೂ ಇಂಥದ್ದು ಹೊಳೆದಿರಲಿಲ್ಲ.

ಇದನ್ನು ನಾನು ನಿಮಗೆ ಈಗಲೇ ಹೇಳಿಬಿಡುತ್ತಿದ್ದೇನೆ, ಕಥೆ ಕೇಳುವವರನ್ನು ಕತ್ತಲಲ್ಲಿ ಕೂರಿಸುವುದು ನನಗಾಗದು. ಆದರೆ ಅಂದು ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಲಿಲ್ಲ ಎಂದಲ್ಲ. ಪಾಪ, ಮನೆಮನೆಗೂ ಬಂದು ಅನುಮತಿ ಕೇಳಿದರು.

“ದೊಡ್ಡಮ್ಮಾ,” ಎಂದು ನನ್ನ ಮುಂದೆ ಕೂತರು, “ಆದಿಮಾನವ ಗುಹೆಯ ಗೋಡೆ ಮೇಲೆ ಮೊದಲನೇ ಗೀಟು ಎಳೆದಾಗ…”

ನನ್ನ ಒಲೆಯ ಮೇಲೆ ಹಾಲಿತ್ತು. “ಆಯ್ತು ಮೇಷ್ಟ್ರೇ, ಹಾಗೇ ಮಾಡಿ,” ಎಂದು ಒಳಗೆ ಓಡಿದೆ. ಎಲ್ಲ ಮನೆಗಳಲ್ಲೂ ಒಲೆಯ ಮೇಲೆ ಏನಾದರೊಂದು ಇದ್ದೇ ಇರುತ್ತದೆ. ಹೀಗೆ ಇಡೀ ಬೀದಿಯ ಒಪ್ಪಿಗೆ ಪಡೆದ ಮೇಷ್ಟ್ರು ಶುಕ್ರವಾರ ಬೆಳಕು ಹರಿಯುವ ಮುಂಚೆ, ಯಾರ ನಿದ್ದೆಗೂ ತೊಂದರೆಯಾಗದಂತೆ, ಕೆಮ್ಮಣ್ಣಿನ ಬಣ್ಣದಲ್ಲಿ ಅಂಕಿ ಬರೆದು, ಬೇಗ ತಿಂಡಿ ತಿಂದು, ತರಗತಿ ಸಜ್ಜು ಮಾಡಲು ಶಾಲೆಗೆ ಹೋಗಿಬಿಟ್ಟರು. ಕ್ರಮವಾಗಿ ಬರೆದರೆ ಮಕ್ಕಳು ಹುಡುಕುವುದೇನು ಎಂದು ಅಂಕಿಗಳನ್ನು ಅಲ್ಲೊಂದು ಇಲ್ಲೊಂದು ಬರೆದಿದ್ದರು. ನನ್ನ ಗೋಡೆಯ ತುಂಬ ಬಳ್ಳಿ. ಖಾಲಿ ಇದ್ದದ್ದು ಎಡಗಡೆಯ ಮೂಲೆ ಮಾತ್ರ, ಪಕ್ಕದ ಬಟ್ಟೆ ಅಂಗಡಿಯವರ ಗೋಡೆ ಬಂದು ಕೂಡುವ ಜಾಗ. ಅಲ್ಲಿ ದುಂಡಗೆ ಒಂದು ಸೊನ್ನೆ.

ಬೆಳಿಗ್ಗೆ ಮೊದಲು ಕೂಗಿದ್ದು ಬಟ್ಟೆ ಅಂಗಡಿಯವರು.

“ಒಂಬತ್ತು! ನನಗ್ಯಾಕೆ ಒಂಬತ್ತು?”

ಬೀದಿ ನೆರೆಯಿತು. ನಿವೃತ್ತ ಕೋರ್ಟು ಗುಮಾಸ್ತರು ಕನ್ನಡಕ ಏರಿಸಿ, ಅಂಕಿಯನ್ನು ಉಗುರಿನಿಂದ ಕೆರೆದು, ಮೂಸಿ ನೋಡಿದರು. “ಇದು ಸರ್ಕಾರಿ ಕೆಂಪು,” ಎಂದು ತೀರ್ಪು ಕೊಟ್ಟರು. “ರಸ್ತೆ ಅಗಲ ಮಾಡ್ತಾರೆ. ಯಾರದ್ದು ಎಷ್ಟು ಅಡಿ ಒಡೀಬೇಕು ಅಂತ ಬರೆದು ಹೋಗಿದಾರೆ.”

ಇದಾದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಒಬ್ಬರಿಗೆ ನಸುಕಿನಲ್ಲಿ ಅಳತೆ ಟೇಪು ಎಳೆದ ಸದ್ದು ಕೇಳಿಸಿತ್ತು. ಇನ್ನೊಬ್ಬರು ಖಾಕಿ ತೊಟ್ಟವರನ್ನೇ ನೋಡಿದ್ದರು. ಹೊಲಿಗೆಯಮ್ಮ ತಮ್ಮ ಗೋಡೆಯ ಐದನ್ನು ನೋಡಿ, “ಐದಡಿ ಹೋದ್ರೆ ನನ್ನ ಮಷೀನು ಬೀದೀಲಿರುತ್ತೆ, ನಾನು ಒಳಗೆ ಕೂತು ತುಳೀಬೇಕು!” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬಟ್ಟೆ ಅಂಗಡಿಯವರಿಗೆ ಒಂಬತ್ತಕ್ಕಿಂತ ಗುಮಾಸ್ತರ ಎರಡು ಹೆಚ್ಚು ಉರಿಸಿತು. “ಕೋರ್ಟಲ್ಲಿದ್ದೋರಿಗೆ ಎರಡೇ ಅಡಿ! ಹೇಗೆ ಸ್ವಾಮಿ ಅದು?”

“ಕಾನೂನು ಗೊತ್ತಿರೋರ ಮನೆ ಮುಟ್ಟೋಕೆ ಅವರಿಗೂ ಭಯ ಇರಲ್ವೇ?” ಎಂದರು ಗುಮಾಸ್ತರು ತಣ್ಣಗೆ.

ಆಮೇಲೆ ಎಲ್ಲರ ಕಣ್ಣೂ ನನ್ನ ಸೊನ್ನೆಯ ಮೇಲೆ ಬಿತ್ತು.

“ದೊಡ್ಡಮ್ಮ, ನೀವು ಪುಣ್ಯವಂತರು. ಸೊನ್ನೆ ಅಂದ್ರೆ ನಿಮ್ಮದನ್ನ ಮುಟ್ಟಲ್ಲ ಅಂತ,” ಎಂದರು ಗುಮಾಸ್ತರು.

ಬಟ್ಟೆ ಅಂಗಡಿಯವರು ನನ್ನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ನನ್ನ ಬೆಕ್ಕು ಅವರ ರೇಷ್ಮೆ ಬಟ್ಟೆಯ ಗಂಟಿನ ಮೇಲೆ ಮರಿ ಹಾಕಿತ್ತು, ಅದೂ ದೊಡ್ಡ ಗಿರಾಕಿಯೊಬ್ಬರು ಗಂಟು ಬಿಚ್ಚಿಸುವ ಹೊತ್ತಿಗೆ. ಅಂದಿನಿಂದ ಅವರು ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಾರೆ, ನಾನು ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುತ್ತೇನೆ. ಈಗಲೂ ಗೋಡೆಗೇ ಹೇಳಿದರು:

“ಸೊನ್ನೆ ಅಂದ್ರೆ ಮುಟ್ಟಲ್ಲ ಅಂತಲ್ಲ. ಕೊನೆಗೆ ಉಳಿಯೋದು ಸೊನ್ನೆ ಅಂತ.”

ಬೀದಿ ಎರಡಾಯಿತು. ಅರ್ಧ ಜನ ನನ್ನನ್ನು ಅಭಿನಂದಿಸಿದರು, ಅರ್ಧ ಜನ ಸಮಾಧಾನ ಹೇಳಿದರು. ಎರಡೂ ಕಡೆಯವರಿಗೆ ಟೀ ಕೊಟ್ಟು ನನಗೆ ಸಾಕಾಯಿತು.

ಸಂಜೆ ಮೇಷ್ಟ್ರು ಸುಣ್ಣದ ಕೈ ಒರೆಸಿಕೊಳ್ಳುತ್ತ ಶಾಲೆಯಿಂದ ಬಂದಾಗ ನನ್ನ ಅಂಗಳದಲ್ಲಿ ಸಭೆ ಸೇರಿತ್ತು.

“ಮೇಷ್ಟ್ರೇ, ನೋಡಿದ್ರಾ ಗೋಡೆಗಳನ್ನ?”

“ನೋಡದೆ ಏನು,” ಎಂದು ಮೇಷ್ಟ್ರು ನಾಚಿ ನಕ್ಕರು. “ಹೇಗಿದೆ?”

“ಹೇಗಿದೆ ಅಂತೀರಲ್ರೀ! ಬೀದಿ ಒಡೀತಾರಂತೆ! ಯಾವನೋ ಅವಿವೇಕಿ ಮನೆಮನೆಗೂ ಕೆಂಪು ಬಳಿದು ಹೋಗಿದಾನೆ. ಕೈಗೆ ಸಿಕ್ಲಿ, ಅವನಿಗೇ ಬಳೀತೀನಿ,” ಎಂದರು ಬಟ್ಟೆ ಅಂಗಡಿಯವರು.

ಮೇಷ್ಟ್ರ ಮುಖದ ಬಣ್ಣ ಸುಣ್ಣದ ಕೈಗೆ ಸರಿಯಾಯಿತು. ಹೇಳಲೇಬೇಕೆಂದು ಎದ್ದು ನಿಂತರು. ಅದನ್ನು ನಾನು ಒಪ್ಪಲೇಬೇಕು. ಆದರೆ ಅವರು ಶುರುಮಾಡಿದ್ದು ಹೀಗೆ:

“ಬಂಧುಗಳೇ, ಗೋಡೆ ಅನ್ನೋದು ಏನು? ಮನುಷ್ಯ ಮೊದಲು ಗೋಡೆ ಕಟ್ಟಿದ್ದು ಯಾಕೆ? ನನ್ನದು ಅಂತ ಒಂದಿರಲಿ ಅಂತ…”

“ಆಹಾ!” ಎಂದರು ಗುಮಾಸ್ತರು.

“ಆ ಗೋಡೆ ಮೇಲೆ ಇನ್ನೊಬ್ಬರು ಬಂದು ಏನಾದ್ರೂ ಬರೆದಾಗ, ಮನೆಯವರಿಗೆ ಏನನ್ನಿಸುತ್ತೆ? ನಾನು ಅರ್ಥ ಮಾಡ್ಕೋಬಲ್ಲೆ…”

ಚಪ್ಪಾಳೆ ಬಿತ್ತು. ಹೊಲಿಗೆಯಮ್ಮ ಬಿಕ್ಕಿದರು. “ಇಂಥ ಮಾತುಗಾರರನ್ನ ಬೀದೀಲಿಟ್ಕೊಂಡು ನಾವು ಭಯ ಪಡ್ತಿದೀವಲ್ಲ! ಮೇಷ್ಟ್ರೇ ನಮ್ಮ ಹೋರಾಟ ಸಮಿತಿ ಅಧ್ಯಕ್ಷರು!” ಎಂದು ಗುಮಾಸ್ತರು ಸಾರಿದರು. ಮೇಷ್ಟ್ರು “ನಾನು ಹೇಳಬೇಕಂತಿದ್ದದ್ದು…” ಎನ್ನುವುದರೊಳಗೆ ನನ್ನ ಬಳ್ಳಿಯಿಂದಲೇ ಹೂವು ಕಿತ್ತು ಅವರ ಕೈಗೆ ಕೊಟ್ಟಾಗಿತ್ತು.

ಎದುರು ಮನೆಯಿಂದ ಆಮೇಲೆ ಮಾತು ಕೇಳಿಸಿತು. “ಹೇಳಿದ್ರಾ?” ಎಂದರು ಹೆಂಡತಿ. “ಹೇಳ್ತಾ ಇದ್ದೆ.” “ಎಲ್ಲೀವರೆಗೆ ಬಂದಿದ್ರಿ?” “ಗೋಡೆವರೆಗೆ.” ಮಾತು ನನಗೆ ಅರ್ಥವಾಗಲಿಲ್ಲ. ಆಮೇಲೆ ಒಂದು ಪಾತ್ರೆ ಬಿದ್ದ ಸದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಶನಿವಾರ ಅಧ್ಯಕ್ಷರ ಮುಂದಾಳತ್ವದಲ್ಲಿ ನಾವೆಲ್ಲ ನಗರಸಭೆಗೆ ಹೋದೆವು. ವಯಸ್ಸಾದವರೊಬ್ಬರಿದ್ದರೆ ಒಳಗೆ ಬೇಗ ಬಿಡುತ್ತಾರೆಂದು ನನ್ನನ್ನೂ ಕರೆದೊಯ್ದರು. ಬಾಗಿಲಲ್ಲಿದ್ದ ಜವಾನ ನನ್ನನ್ನು ನೋಡಿ, ತಾನು ಕೂತಿದ್ದ ಸ್ಟೂಲನ್ನು ಪಂಚೆಯ ತುದಿಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಹಾಕಿಕೊಟ್ಟ. ಆಮೇಲೆ ಇಡೀ ಹೊತ್ತು ಅವನು ನಿಂತೇ ಇದ್ದ. ಸರ್ಕಾರದ ಬಗ್ಗೆ ಯಾರು ಏನಾದರೂ ಹೇಳಲಿ, ನನಗೆ ಆ ಸ್ಟೂಲು ನೆನಪಾಗುತ್ತದೆ.

ಒಳಗೆ ಎಂಜಿನಿಯರು ಗುಮಾಸ್ತರ ದೂರನ್ನು ಪೂರ್ತಿ ಕೇಳಿದರು. ಅವರಿಗೆ ಈ ವಿಷಯ ಏನೂ ಗೊತ್ತಿಲ್ಲವೆಂದು ನನ್ನ ಸ್ಟೂಲಿನಿಂದಲೇ ಕಾಣುತ್ತಿತ್ತು. ಆದರೆ ಅಷ್ಟು ಜನರ ಮುಂದೆ ಗೊತ್ತಿಲ್ಲ ಎನ್ನಲು ಆ ಕುರ್ಚಿ ಬಿಡಬೇಕಲ್ಲ.

“ಹೂಂ… ಹೂಂ. ಆ ಬೀದಿ ತಾನೇ? ಗೊತ್ತು ಗೊತ್ತು. ನಮ್ಮದೇ ಯೋಜನೆ.”

ಮೇಷ್ಟ್ರು ಬೆಚ್ಚಿದರು. “ಸರ್, ನಿಮ್ಮದಾ? ಸರ್, ಆ ಅಂಕಿಗಳ ವಿಷಯದಲ್ಲಿ ಒಂದು ಮಾತು. ಅಂಕಿ ಅನ್ನೋದು ಹುಟ್ಟಿದ್ದು…”

“ನೋಡ್ರೀ, ಅಂಕಿ ಎಲ್ಲಿ ಹುಟ್ತು ಅಂತ ನನಗೆ ಹೇಳ್ಬೇಡಿ. ನಮ್ಮ ಇಲಾಖೆ ಬರೆದದ್ದು ನಮಗೆ ಗೊತ್ತಿರಲ್ವಾ?”

“ನೀವೇ ಬರೆಸಿದ್ದಾ?”

“ಮತ್ತೆ ನೀವು ಬರೆದ್ರಾ?”

ಬಾಗಿಲು ತಾನಾಗಿ ತೆರೆದುಕೊಂಡಿತ್ತು, ಒಂದು ‘ಹೌದು’ ಸಾಕಿತ್ತು. ಆದರೆ ಸರ್ಕಾರ ಎದುರಿಗೆ ಕೂತು ಖಡಾಖಂಡಿತವಾಗಿ ಹೇಳುವಾಗ ಎಂಥವರಿಗೂ ತಲೆ ತಿರುಗುತ್ತದೆ. ಮೇಷ್ಟ್ರು ತಮ್ಮ ಉಗುರಿನಲ್ಲಿ ಉಳಿದಿದ್ದ ಕೆಂಪನ್ನು ನೋಡಿಕೊಂಡರು, ಎಂಜಿನಿಯರನ್ನು ನೋಡಿದರು, ಮತ್ತೆ ಉಗುರನ್ನು ನೋಡಿದರು. “ನಾನು… ನಾನೂ ಬರೆದಿದ್ದೆ ಅನ್ಸುತ್ತೆ,” ಎಂದು ಅವರು ಗೊಣಗಿದರಂತೆ, ಅದು ಫ್ಯಾನಿನ ಸದ್ದಿನಲ್ಲಿ ಮುಳುಗಿತು.

“ಸೋಮವಾರ ಬೆಳಿಗ್ಗೆ ನಾನೇ ಸ್ಥಳಕ್ಕೆ ಬರ್ತೀನಿ. ಅಳತೆ ಹೆಚ್ಚಾಗಿದ್ರೆ ಕಡಿಮೆ ಮಾಡೋಣ. ನಾವೂ ಮನುಷ್ಯರೇ ಅಲ್ವಾ?” ಎಂದರು ಎಂಜಿನಿಯರು.

ಸೋಮವಾರ ಬೆಳಿಗ್ಗೆ! ಮೇಷ್ಟ್ರ ಕ್ಲಾಸಿನ ಮಕ್ಕಳೂ ಹೆಡ್ ಮೇಡಮ್ಮೂ ಬೀದಿಗೆ ಬರುವ ಹೊತ್ತೇ ಅದು. ಮೇಷ್ಟ್ರು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅಧ್ಯಕ್ಷರು ಮುಂದಿನ ಹೋರಾಟ ಯೋಚಿಸುತ್ತಿದ್ದಾರೆಂದು ನಾವು ಮೆಚ್ಚಿಕೊಂಡೆವು.

ಭಾನುವಾರ ಬೀದಿಯಲ್ಲಿ ಸಾಮಾನು ಕಟ್ಟುವ ಗಡಿಬಿಡಿ. ಭಯ ಬಂದಾಗ ಜನ ಕೆಟ್ಟವರಾಗುತ್ತಾರೆ ಎನ್ನುತ್ತಾರೆ. ನಾನು ಕಂಡದ್ದು ಬೇರೆ. ಹೊಲಿಗೆಯಮ್ಮ ಬಂದು, “ದೊಡ್ಡಮ್ಮ, ನಿಮ್ಮದು ಪೂರ್ತಿ ಹೋದ್ರೆ ಯೋಚ್ನೆ ಬೇಡ, ಐದಡಿ ಹೋದ್ಮೇಲೂ ನನಗೊಂದು ರೂಮು ಉಳಿಯುತ್ತೆ. ನೀವು ಮಷೀನಿನ ಆಚೆ ಮಲಗಿ, ನಾನು ಈಚೆ,” ಎಂದರು. ಗುಮಾಸ್ತರು, ಸೊನ್ನೆ ಎಂದರೆ ಮುಟ್ಟಲ್ಲ ಎಂಬ ತಮ್ಮ ತೀರ್ಪನ್ನು ತಾವೇ ನಂಬದೆ, ನನ್ನ ಪುಸ್ತಕಗಳಿಗೆ ತಮ್ಮ ಮಂಚದ ಕೆಳಗೆ ಜಾಗ ಮಾಡಿದರು. ಮಧ್ಯಾಹ್ನ ಗೇಟಿನ ಹತ್ತಿರ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಬಂದು ಕೂತಿತ್ತು, ಬಟ್ಟೆ ಅಂಗಡಿಯದು. ಒಳಗೆ ಸಾಮಾನು ಒಡೆಯದಿರಲೆಂದು ಚಿಂದಿ ಬಟ್ಟೆ ಹಾಸಿತ್ತು. ಗೋಡೆಯ ಆಚೆಯಿಂದ ದನಿ ಬಂತು:

“ಕೆಲವರ ಮನೇಲಿ ಪಿಂಗಾಣಿ ಸಾಮಾನು ಜಾಸ್ತಿ ಇರುತ್ತೆ. ನಮಗೇನು.”

ಸಂಜೆ ಮೇಷ್ಟ್ರ ಹೆಂಡತಿ ನನ್ನ ಅಡುಗೆಮನೆಗೆ ಬಂದು ಕುಸಿದು ಕೂತರು. “ದೊಡ್ಡಮ್ಮ, ಇದನ್ನೆಲ್ಲ ಮಾಡಿದ್ದು ನಮ್ಮವರೇ,” ಎಂದು ಆದಿಯಿಂದ ಅಂತ್ಯದವರೆಗೆ ಹೇಳಿದರು. ಪೀಠಿಕೆಯಿಲ್ಲದೆ ಹೇಳಿದ್ದರಿಂದ ಬೇಗ ಮುಗಿಯಿತು. ನಾನು ನಕ್ಕು ನಕ್ಕು ಕೆಮ್ಮು ಬರಿಸಿಕೊಂಡೆ. ಅವರು ನಗಲಿಲ್ಲ.

“ನೀವು ನಗ್ತೀರಿ. ಈ ಮಕ್ಕಳಿಗೆ ಅಂತ ವಾರವೆಲ್ಲಾ ರಾತ್ರಿ ಕೂತು ಚೀಟಿ ಕತ್ತರಿಸಿ ಬಣ್ಣ ಹಚ್ಚಿದಾರೆ ದೊಡ್ಡಮ್ಮ. ನಾಳೆ ಕೆಟ್ರೆ ಲೈಬ್ರರಿ. ಆ ಬೀಗ ಹಾಕಿದ ಕಪಾಟಿನ ಮುಂದೆ ಇವರನ್ನ ಕೂರಿಸಿದ್ರೆ ಸೊರಗಿ ಹೋಗ್ತಾರೆ.”

“ಬೆಳಿಗ್ಗೆ ಎಲ್ಲರ ಮುಂದೆ ನಾನೇ ಹೇಳ್ತೀನಿ, ಹೋಗಿ ಮಲಗು ಮಗಳೇ,” ಎಂದೆ.

ಬೆಳಿಗ್ಗೆ ಗೇಟಿಗೆ ಬಂದು ನೋಡಿದರೆ ಹೇಳುವುದಕ್ಕೆ ಆ ಅಂಕಿಗಳೇ ಇರಲಿಲ್ಲ. ಬಟ್ಟೆ ಅಂಗಡಿಯವರು ಒಂಬತ್ತರ ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕೋಲು ಮಾತ್ರ ಉಳಿಸಿದ್ದರು. ಏಳರ ಮನೆಯವರು ಏಳರ ಟೋಪಿ ತೆಗೆದಿದ್ದರು. ಹೊಲಿಗೆಯಮ್ಮ ಐದನ್ನು ತೊಳೆದು ಬಟ್ಟೆ ಕತ್ತರಿಸುವ ಸೀಮೆಸುಣ್ಣದಲ್ಲಿ ಒಂದು ಎಂದು ಗೀಟೆಳೆದಿದ್ದರು. ಕಾನೂನು ಬಲ್ಲ ಗುಮಾಸ್ತರದ್ದೂ ಒಂದೇ. ಮೇಷ್ಟ್ರು ತಮ್ಮ ಗೋಡೆಗೆ ಬರೆದುಕೊಂಡದ್ದು ಮೊದಲೇ ಒಂದು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ ಎಂಬಂತೆ ಎಲ್ಲರೂ ಆಕಾಶ ನೋಡುತ್ತ ನಿಂತಿದ್ದರು. ನಾನು ನನ್ನದನ್ನು ಮುಟ್ಟಿರಲಿಲ್ಲ. ಸೊನ್ನೆಯಲ್ಲಿ ಕಡಿಮೆ ಮಾಡುವುದಕ್ಕೆ ಏನಿದೆ?

ನಾನು ಬಾಯಿ ತೆರೆಯುವ ಮುಂಚೆ ಎಂಜಿನಿಯರ ಜೀಪು ಬಂತು. ಅವರು ಅಳತೆ ಟೇಪು ಹಿಡಿದು ಇಳಿದು, ಗೋಡೆಗಳನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದರು, ಮರುಕ್ಷಣ ಎದೆಯುಬ್ಬಿಸಿದರು.

“ನೋಡಿ! ಎಲ್ಲರಿಗೂ ಒಂದೊಂದೇ ಅಡಿ. ನಾನೇ ಹೇಳಿ ಕಡಿಮೆ ಮಾಡಿಸಿದ್ದು.”

ಬೀದಿ ಬಾಯಿ ಬಿಟ್ಟು ನಿಂತಿತು. ತೊಳೆದವರಿಗೆ ಗೊತ್ತಲ್ಲ, ಕಡಿಮೆ ಮಾಡಿದ್ದು ಯಾರೆಂದು! “ಯಾವಾಗ ಮಾಡಿಸಿದ್ರಿ ಸ್ವಾಮಿ?” ಎಂದು ಗುಮಾಸ್ತರು ಮೆಲ್ಲಗೆ ಕೇಳುತ್ತಿದ್ದಂತೆಯೇ ಬೀದಿಯ ತುದಿಯಲ್ಲಿ ಕಲರವ ಕೇಳಿತು. ಪುಟ್ಟ ಪುಟ್ಟ ಚೀಲ, ಅತ್ತು ಕೆಂಪಾದ ಮೂಗು, ಕೈಯಲ್ಲಿ ಬಣ್ಣದ ಚೀಟಿ. ಹಿಂದೆ ಹೆಡ್ ಮೇಡಂ. ಮುಂದೆ ಮೇಷ್ಟ್ರು, ಗಲ್ಲಿಗೆ ಹೊರಟವರಂತೆ. ಅವರು ತಲೆ ತಗ್ಗಿಸಿಯೇ ಇದ್ದುದರಿಂದ ಗೋಡೆ ನೋಡಿರಲಿಲ್ಲ.

“ಹೋಗಿ ಮಕ್ಕಳೇ, ನಿಮ್ಮ ಚೀಟೀಲಿರೋ ಅಂಕಿ ಹುಡುಕಿ,” ಎಂದರು.

ಮಕ್ಕಳು ಅಳುವುದನ್ನು ಮರೆತು ಓಡಿದವು.

“ಸಾರ್, ಇಲ್ಲಿ ಒಂದು!”

“ಇಲ್ಲೂ ಒಂದೇ ಸಾರ್!”

“ಸಾರ್, ಎಲ್ಲಾ ಒಂದೇ ಇದೆ!”

ಹೆಡ್ ಮೇಡಂ ಕೈಕಟ್ಟಿದರು. “ಮೇಷ್ಟ್ರೇ, ವರ್ಷಪೂರ್ತಿ ಒಂದನ್ನೇ ಕಲಿಸೋ ಯೋಚನೆಯಾ?”

ಮೇಷ್ಟ್ರು ತಲೆಯೆತ್ತಿದರು. ಗೋಡೆಗಳನ್ನು ನೋಡಿದರು, ಎಂಜಿನಿಯರನ್ನು ನೋಡಿದರು, ನಮ್ಮೆಲ್ಲರನ್ನೂ ನೋಡಿದರು. ಆಗ ಬೀದಿಯ ಚರಿತ್ರೆಯಲ್ಲಿ ಹಿಂದೆ ಆಗದಿದ್ದದ್ದು ಆಯಿತು.

“ಅಂಕಿ ಬರೆದದ್ದು ನಾನು,” ಎಂದರು ಮೇಷ್ಟ್ರು. ಅಷ್ಟೇ.

ನಾವು ಮುಂದಿನದಕ್ಕಾಗಿ ಕಾದೆವು. ಮುಂದೇನೂ ಬರಲಿಲ್ಲ. ಎಂಜಿನಿಯರ ಕೈಯಿಂದ ಟೇಪು ಜಾರಿ ಸರ್ರನೆ ಡಬ್ಬಿಯೊಳಗೆ ಸುತ್ತಿಕೊಂಡಿತು. ಬಟ್ಟೆ ಅಂಗಡಿಯವರು ತೋಳು ಮಡಚುತ್ತ ಮುಂದೆ ಬಂದರು. “ಅಂದ್ರೆ ನನ್ನ ಒಂಬತ್ತು…”

ಅಷ್ಟರಲ್ಲಿ ಅವರ ಮೊಣಕಾಲ ಹತ್ತಿರ ಒಂದು ಪುಟ್ಟ ಹುಡುಗಿ ಚೀಟಿ ಹಿಡಿದು ತುಟಿ ನಡುಗಿಸಿತು. “ನನ್ನ ಒಂಬತ್ತು ಇಲ್ಲ,” ಎಂದು ದೊಡ್ಡದಾಗಿ ಅಳಲು ಶುರುಮಾಡಿತು.

ಬಟ್ಟೆ ಅಂಗಡಿಯವರು ಮೇಷ್ಟ್ರನ್ನು ಮರೆತರು. ಭಾರದ ಮೈಯನ್ನು ಕಷ್ಟಪಟ್ಟು ಬಗ್ಗಿಸಿ, “ಅಳಬೇಡ ಪುಟ್ಟಿ, ಒಂಬತ್ತು ನಾನೇ. ನೋಡು, ನಾನೇ,” ಎಂದು ಒಂಬತ್ತು ಬೆರಳು ಎತ್ತಿ ನಿಂತರು.

“ಐದು ಯಾರಿಗೆ ಬೇಕು? ಐದು ಇಲ್ಲಿದೆ!” ಎಂದು ಹೊಲಿಗೆಯಮ್ಮ ಕೂಗಿದರು. “ಎರಡು, ಎರಡು!” ಎಂದು ಗುಮಾಸ್ತರು ಕೋರ್ಟಿನಲ್ಲಿ ಕಕ್ಷಿದಾರರನ್ನು ಕರೆಯುವಂತೆ ಕರೆದರು. ಗೇಟುಗೇಟಿಗೂ ಬೆರಳೆತ್ತಿ ನಿಂತ ದೊಡ್ಡವರು, ಅವರ ಬೆರಳು ಹಿಡಿದು ಎಣಿಸುವ ಮಕ್ಕಳು. ನನ್ನ ಹತ್ತಿರ ಬಂದ ಸೊನ್ನೆಯ ಮಗುವಿಗೆ ನಾನು ಮುಷ್ಟಿ ತೋರಿಸಿದೆ, ಅದು ಬೆರಳು ಬಿಡಿಸಿ ಒಳಗೇನಿದೆ ಎಂದು ನೋಡಿತು. ಹೆಡ್ ಮೇಡಂ ಕಟ್ಟಿದ ಕೈ ಯಾವಾಗಲೋ ಬಿಚ್ಚಿದ್ದರು.

“ಒಂಬತ್ತಾದ ಮೇಲೆ ಎಷ್ಟು?” ಎಂದು ಅವರು ಒಂಬತ್ತರ ಚೀಟಿಯ ಪುಟ್ಟಿಯನ್ನು ಕೇಳಿದರು.

“ಹತ್ತು.”

“ಹತ್ತು ಎಲ್ಲಿದೆ?”

ಮೇಷ್ಟ್ರು ಗೋಡೆಯಿಂದ ಗೋಡೆಗೆ ಕಣ್ಣು ಹಾಯಿಸಿದರು. ಹತ್ತನ್ನು ಅವರು ಬರೆದೇ ಇರಲಿಲ್ಲ. ಪುಟ್ಟಿ ಅತ್ತ ಇತ್ತ ನೋಡಿತು. ಆಮೇಲೆ ಎರಡು ಕಾಂಪೌಂಡು ಕೂಡುವ ಮೂಲೆಗೆ ಓಡಿ ಗೋಡೆಗೆ ಅಂಗೈ ಬಡಿಯಿತು. ಅಲ್ಲಿ ತಲೆ ಕಳೆದುಕೊಂಡ ಒಂಬತ್ತಿನ ಕೋಲು, ಅದರ ಪಕ್ಕಕ್ಕೇ ನನ್ನ ದುಂಡು ಸೊನ್ನೆ.

“ಹತ್ತು ಇಲ್ಲಿದೆ ಸಾರ್!”

ಮಕ್ಕಳೆಲ್ಲ “ಹತ್ತು! ಹತ್ತು!” ಎಂದು ಕುಣಿದವು. ಹೆಡ್ ಮೇಡಂ ಮೇಷ್ಟ್ರ ಕಡೆ ತಿರುಗಿ, “ಲೈಬ್ರರಿ ಕುರ್ಚಿನ ಬೇರೆ ಯಾರಿಗಾದ್ರೂ ಕೊಡ್ತೀನಿ,” ಎಂದರು. ಎಂಜಿನಿಯರು ಜೀಪು ಹತ್ತುತ್ತ, “ಜನರ ಮನವಿಯ ಮೇರೆಗೆ ಯೋಜನೆ ರದ್ದು!” ಎಂದು ಘೋಷಿಸಿದರು. ಯಾರೂ ತಿರುಗಿ ನೋಡದಿದ್ದರೂ ನಾನು ಕೈಮುಗಿದೆ. ಪಾಪ, ಅವರಿಗೂ ಆಫೀಸಿಗೆ ಏನಾದರೂ ತೆಗೆದುಕೊಂಡು ಹೋಗಬೇಕಲ್ಲ.

ಬಟ್ಟೆ ಅಂಗಡಿಯವರು ಆ ಹತ್ತನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಕಡೆ ಅಲ್ಲ, ನನ್ನ ಕಡೆ ತಿರುಗಿದರು.

“ಮತ್ತೆ… ಬೆಕ್ಕು ಹೇಗಿದೆ?”

“ಅದು ಹೋಗಿ ಕಾಲವಾಯ್ತು. ಅದರ ಮೊಮ್ಮಗಳಿದೆ,” ಎಂದೆ. ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. “ನೀವು ನಿನ್ನೆ ಕಳಿಸಿದ ಪೆಟ್ಟಿಗೆ ಒಳಮನೇಲಿ ಇದೆಯಲ್ಲ, ಅದರೊಳಗೆ ಇವತ್ತು ಬೆಳಿಗ್ಗೆ ಮರಿ ಹಾಕಿದೆ.”

ಅವರ ಮುಖ ಕೆಂಪಾಯಿತು, ಮೀಸೆ ಕುಣಿಯಿತು. ಆಮೇಲೆ ಹೊಟ್ಟೆ ಕುಲುಕಿ ಕುಲುಕಿ ನಕ್ಕರು. “ಎಷ್ಟು?”

“ಎಣಿಸಿಲ್ಲ.”

ಮೇಷ್ಟ್ರ ಕಣ್ಣು ಹೊಳೆಯಿತು. “ಮಕ್ಕಳೇ, ಬನ್ನಿ ಎಲ್ಲರೂ! ಬೆಕ್ಕು ಅನ್ನೋ ಪ್ರಾಣಿ ಮನುಷ್ಯನ ಮನೆಗೆ ಮೊದಲು ಬಂದದ್ದು…”

ಮಕ್ಕಳು ಆಗಲೇ ನನ್ನ ಒಳಮನೆಯಲ್ಲಿದ್ದವು.